ಉದ್ಯಮದ ಕತೆಗಳೂ, ನಮ್ಮ ಕಾಫಿ ಸೀಮೆಯೂ

ಸಕಲೇಶಪುರ, ಆಲೂರು ಕಡೆ ಉದ್ಯಮ ಅಂದರೆ ಮೊದಲು ಕಾಫಿ. 1942ರ ಕಾಯ್ದೆಯ ಪ್ರಕಾರ ಬೆಳೆದ ಕಾಫಿಯೆಲ್ಲ ಬೋರ್ಡಿನ ಪೂಲ್‌ಗೆ ಹೋಗಬೇಕಿತ್ತು. ತೊಂಬತ್ತರ ದಶಕದಲ್ಲಿ ಹಂತಹಂತವಾಗಿ ಸಡಿಲಿಸಿ, 1996ರಲ್ಲಿ ಪೂರ್ತಿ ಬಿಟ್ಟರು. ಬೆಳೆಗಾರ ಆಗ ವ್ಯಾಪಾರಿಯೂ ಆದ. ಅದೇ ವರ್ಷ ಪಕ್ಕದ ಚಿಕ್ಕಮಗಳೂರಿನ ವಿ.ಜಿ. ಸಿದ್ಧಾರ್ಥ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ತೆರೆದರು. ಅವರ ಕತೆ ಎಲ್ಲರೂ ಬರೆದರು. ಮನೆಯಲ್ಲೇ ಬೀಜ ಹುರಿದು ಪುಡಿ ಮಾರಿದವರ ಕತೆ ಬರೆದವರಾರು?

ಇಂಥ ಸಣ್ಣವರಿಗೂ ಜಾಗ ಬೇಕು ಅಂತ ಶ್ರದ್ಧಾ ಶರ್ಮಾ 2008ರಲ್ಲಿ ಬೆಂಗಳೂರಿನಿಂದ 'ಯುವರ್‌ಸ್ಟೋರಿ' ಶುರುಮಾಡಿದರು. ಮೊದಲು ಟೀವಿ, ಪತ್ರಿಕೆ ಸಂಸ್ಥೆಗಳಲ್ಲಿದ್ದವರು. ಅಚ್ಚಿನ ಖರ್ಚಿಲ್ಲ, ಪುಟದ ಮಿತಿಯಿಲ್ಲ; ಹೆಸರಿಲ್ಲದವರ ಕತೆಯೂ ಹಿಡಿಸುತ್ತಿತ್ತು. ಸ್ಟಾರ್ಟಪ್‌ಗಳು ಹೆಚ್ಚಿದಂತೆ ಓದುಗರೂ ಹೆಚ್ಚಿದರು. 2015ರ ಹೊತ್ತಿಗೆ ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಲ್ಲಿ ಬಂತು. ಆ ವರ್ಷ ರತನ್ ಟಾಟಾ, ಮೋಹನ್‌ದಾಸ್ ಪೈ, ಕಲಾರಿ ಕ್ಯಾಪಿಟಲ್, ಕ್ವಾಲ್ಕಾಮ್ ವೆಂಚರ್ಸ್ ಬಂಡವಾಳ ಹಾಕಿದರು.

ಇಲ್ಲೇ ನನಗೊಂದು ತಕರಾರು. ಉದ್ಯಮಗಳಿಗೆ ದುಡ್ಡು ಹಾಕುವವರೇ ಉದ್ಯಮದ ಪತ್ರಿಕೆಗೂ ದುಡ್ಡು ಹಾಕಿದರೆ, ಗೆದ್ದವರ ಕತೆಗೇ ತೂಕ ಜಾಸ್ತಿಯಾಗುವ ಅಪಾಯ ಇದ್ದೇ ಇರುತ್ತದೆ. 2019ರಲ್ಲಿ ಸಿದ್ಧಾರ್ಥ ತೀರಿಕೊಂಡಾಗ ಸಾಲದ ವಿಷಯ ಮನೆಮನೆಯ ಮಾತಾಯಿತು. ಅಲ್ಲಿಯವರೆಗೆ ನಾವು ಓದಿದ್ದು ಬರೀ ಗೆಲುವನ್ನೇ ಅಲ್ಲವೇ?

ಮಳೆ ಕೈಕೊಟ್ಟರೆ, ಆನೆ ತೋಟಕ್ಕೆ ನುಗ್ಗಿದರೆ, ಬೆಲೆ ಬಿದ್ದರೆ ಸಾಲ ತೀರಿಸುವುದು ಹೇಗೆ? ನಮ್ಮ ಮಲೆನಾಡಿಗೆ ಬೇಕಾದ ಉದ್ಯಮದ ಕತೆ ಅದು, ಅದೂ ಕನ್ನಡದಲ್ಲಿ. ನೀವೇನಂತೀರಿ?