ಹೋಲಿಕೆಗೆ ಮುನ್ನ ಒಂದು ಪ್ರಶ್ನೆ

ಕಿತ್ತೂರು ಚೆನ್ನಮ್ಮನನ್ನು ‘ಕರ್ನಾಟಕದ ಝಾನ್ಸಿ ರಾಣಿ’ ಎಂದು ಕರೆಯುವುದು ನಮ್ಮಲ್ಲಿ ರೂಢಿ. ಈ ಮಾತು ನನಗೆ ಯಾವಾಗಲೂ ತಲೆಕೆಳಗಾಗಿ ಕಾಣುತ್ತದೆ. ಚೆನ್ನಮ್ಮ ಕಂಪನಿ ಸರ್ಕಾರವನ್ನು ಎದುರಿಸಿದ್ದು 1824ರಲ್ಲಿ. ಆಗ ಲಕ್ಷ್ಮೀಬಾಯಿ ಹುಟ್ಟಿರಲೇ ಇಲ್ಲ. ಇಂಥ ಹೋಲಿಕೆಯಲ್ಲಿ ಹೊಗಳಿಕೆಯಿದೆ, ಚರಿತ್ರೆಯಿಲ್ಲ.

ತೌಲನಿಕ ಪ್ರಬಂಧವೆಂದರೆ ಇಬ್ಬರ ಕತೆಯನ್ನು ಒಂದಾದ ಮೇಲೊಂದು ಹೇಳುವುದಲ್ಲ. ಇಬ್ಬರಿಗೂ ಒಂದೇ ಪ್ರಶ್ನೆ ಹಾಕಬೇಕು. ನನ್ನ ಪ್ರಶ್ನೆ ಇದು: ದತ್ತುಪುತ್ರನನ್ನು ಕಂಪನಿ ಒಪ್ಪದಿದ್ದಾಗ ಏನಾಯಿತು?

ಮೊದಲು ಸಾಮ್ಯ. ಕಿತ್ತೂರಿನ ಶಿವಲಿಂಗಪ್ಪ, ಝಾನ್ಸಿಯ ದಾಮೋದರ ರಾವ್ ಇಬ್ಬರ ಹಕ್ಕನ್ನೂ ಕಂಪನಿ ತಳ್ಳಿಹಾಕಿತು. ಈ ನೀತಿಯನ್ನು ನಾವು ಡಾಲ್‌ಹೌಸಿಯ ಹೆಸರಿನೊಂದಿಗೆ ಓದುತ್ತೇವೆ. ಅವನು ಗವರ್ನರ್ ಜನರಲ್ ಆದದ್ದು 1848ರಲ್ಲಿ. ಅಂದರೆ ನೀತಿ ಅವನಿಗಿಂತ ಹಳೆಯದು. ಒಂಟಿ ಕತೆಯಲ್ಲಿ ಕಾಣದ ಈ ಸಂಗತಿ ಸಾಮ್ಯದಿಂದ ಹೊರಬಿತ್ತು.

ಇನ್ನು ವ್ಯತ್ಯಾಸ. ಕಿತ್ತೂರಿನ ದೇಸಾಯಿ ತೀರಿಕೊಂಡದ್ದು 1824ರ ಸೆಪ್ಟೆಂಬರಿನಲ್ಲಿ. ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಾಳಗದಲ್ಲಿ ಸತ್ತ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ಝಾನ್ಸಿ 1854ರಲ್ಲೇ ಕಂಪನಿಯ ಕೈಸೇರಿತ್ತು. ಲಕ್ಷ್ಮೀಬಾಯಿ ಮೊದಲು ಮನವಿಗಳ ದಾರಿ ಹಿಡಿದರು. ಯುದ್ಧಕ್ಕೆ ಇಳಿದದ್ದು 1857ರ ಸಿಪಾಯಿ ದಂಗೆ ಎದ್ದ ಮೇಲೆ. ಅವರ ಹೋರಾಟ ಉತ್ತರ ಭಾರತದ ದೊಡ್ಡ ಬಂಡಾಯದ ಭಾಗವಾಯಿತು. ಕಿತ್ತೂರಿನದು ಒಂದು ಸಣ್ಣ ಸಂಸ್ಥಾನದ ಕಾಳಗ. ಬೆನ್ನಿಗೆ ಅಂಥ ಬಂಡಾಯವಿರಲಿಲ್ಲ.

‘ಕರ್ನಾಟಕದ ಝಾನ್ಸಿ ರಾಣಿ’ ಎಂದಾಗ ಮರೆಯಾಗುವುದು ಈ ಒಂಟಿತನವೇ. ಸಾಮ್ಯದಿಂದ ಕಂಪನಿ ಅರ್ಥವಾಗುತ್ತದೆ, ವ್ಯತ್ಯಾಸದಿಂದ ರಾಣಿಯರು. ಪ್ರಬಂಧದಲ್ಲಿ ಎರಡೂ ಇರಬೇಕು.