ಕೇಬಲ್ ಜೋಡಣೆ, ದೃಷ್ಟಿಯಿಲ್ಲದೆ

ಸ್ಪರ್ಶ ಮತ್ತು ಸದ್ದನ್ನೇ ನಂಬಿ ನೆಟ್‌ವರ್ಕ್, ಟೆಲಿಫೋನ್ ಕೇಬಲ್‌ಗಳ ತುದಿಗೆ ಕನೆಕ್ಟರ್ ಕೂರಿಸುವ ಕೆಲಸ. ನೆಟ್‌ವರ್ಕ್ ಕೇಬಲಿನೊಳಗೆ 8 ತಂತಿಗಳು, ಅಂದರೆ ತಿರುಚಿದ 4 ಜೋಡಿಗಳು ಇರುತ್ತವೆ. ಬಣ್ಣ ಕೇವಲ ಗುರುತಿಗೆ. ಎರಡೂ ತುದಿಗಳಲ್ಲಿ ಕ್ರಮ ಒಂದೇ ಇರಬೇಕು. 1-2, 3-6, 4-5, 7-8ನೇ ಸ್ಥಾನಗಳಿಗೆ ಒಂದೊಂದು ಜೋಡಿಯೇ ಹೋಗಬೇಕು. ಜೋಡಿ ಕಲಸಿಹೋದರೆ ಸಾದಾ ಟೆಸ್ಟರ್ ಸರಿಯೆಂದರೂ ವೇಗ ಕುಸಿಯುತ್ತದೆ.

ಹೊರಕವಚ ಸುಲಿದ ಮೇಲೆ ಜೋಡಿಗಳನ್ನು ಬಿಚ್ಚುವ ಆತುರ ಸಲ್ಲದು. ಒಂದರ ತಿರುಚು ಬಿಗಿ, ಇನ್ನೊಂದರದು ಸಡಿಲ. ಪಳಗಿದ ಬೆರಳಿಗೆ ಇದು ಸುಳಿವು. ಖಚಿತಪಡಿಸಲು ಬೀಪ್ ಮಾಡುವ ಮಲ್ಟಿಮೀಟರ್ ಬೇಕು. ಎರಡೂ ತುದಿ ಮೇಜಿನ ಮೇಲಿರಲಿ. ಮೀಟರಿನ ಒಂದು ಕಡ್ಡಿಯನ್ನು ಈಚೆಯ ತಂತಿಗೆ ಮುಟ್ಟಿಸಿ, ಇನ್ನೊಂದನ್ನು ಆಚೆಯ ತಂತಿಗಳಿಗೆ ಒಂದೊಂದಾಗಿ ಮುಟ್ಟಿಸಿದರೆ ಅದೇ ತಂತಿ ಸಿಕ್ಕಾಗ ಸದ್ದಾಗುತ್ತದೆ. ಕನೆಕ್ಟರಿನ ಕೊಕ್ಕೆ ಕೆಳಗೆ, ತಂತಿ ತೂರಿಸುವ ಬಾಯಿ ನಮ್ಮತ್ತ ಇದ್ದರೆ ಎಡತುದಿಯೇ 1ನೇ ಸ್ಥಾನ. ಟೆಲಿಫೋನಿಗೆ ನಡುವಿನ ಎರಡು ತಂತಿ ಸಾಕು. ಅವು ಅದಲುಬದಲಾದರೂ ಈಗಿನ ಹೆಚ್ಚಿನ ಫೋನ್‌ಗಳು ನಡೆಯುತ್ತವೆ.

ಹಾಸನ ಜಿಲ್ಲೆಯ ಅರಸೀಕೆರೆ, ಬೇಲೂರು, ಹಳೇಬೀಡಿನಂಥ ಊರುಗಳ ಶಾಲೆ, ಅಂಗಡಿ, ಕಚೇರಿಗಳಿಗೂ ಬೇಕಾದ ಕೆಲಸವಿದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ಹುದ್ದೆಗಳಲ್ಲಿ ಅಂಧರು ಮತ್ತು ಮಂದದೃಷ್ಟಿಯವರಿಗೆ ಶೇ. 1 ಮೀಸಲಿಟ್ಟಿದೆ. ಬಣ್ಣ ಕಾಣದೆಂಬ ಒಂದೇ ಕಾರಣಕ್ಕೆ ಅವರನ್ನು ಈ ಕೆಲಸದ ತರಬೇತಿಯಿಂದ ಹೊರಗಿಡುವುದು ತಪ್ಪು.