ಅಗ್ಗದ ವಿಮಾನ ಟಿಕೆಟ್: ಲಗೇಜು ಶುಲ್ಕ ಮತ್ತು ನಿರ್ಬಂಧಗಳ ಇತಿಹಾಸ

ವಿಮಾನಯಾನ ಸಂಸ್ಥೆಗಳು ತಮ್ಮ ಅತಿ ಕಡಿಮೆ ದರದ ಟಿಕೆಟ್ಟಿಗೆ ಹಾಕುವ ಷರತ್ತುಗಳಲ್ಲಿ ಇಂದು ಹೆಚ್ಚು ಜನರನ್ನು ತಟ್ಟುವುದು ಲಗೇಜಿನ ಷರತ್ತು. ಇಂಥ ಟಿಕೆಟ್ ಕೊಂಡವರಿಗೆ ಸೀಟು ಸಿಗುತ್ತದೆ. ಸೂಟ್‌ಕೇಸಿಗೆ ಬೇರೆ ಹಣ ತೆರಬೇಕು. ಕೆಲವು ಸಂಸ್ಥೆಗಳಲ್ಲಿ ತಲೆಯ ಮೇಲಿನ ಲಾಕರ್‌ನಲ್ಲಿಡುವ ಟ್ರಾಲಿ ಬ್ಯಾಗಿಗೂ ಶುಲ್ಕವಿದೆ, ಮುಂದಿನ ಸೀಟಿನ ಕೆಳಗೆ ಹಿಡಿಸುವ ಚೀಲವಷ್ಟೇ ಪುಕ್ಕಟೆ. ಈ ಪದ್ಧತಿ ಜಗತ್ತಿನ ತುಂಬ ಹರಡಿದ್ದು 2006ರಿಂದೀಚೆಗೆ. ಅದಕ್ಕೆ ಮೊದಲೂ ಅಗ್ಗದ ಟಿಕೆಟ್ಟಿಗೆ ಕಟ್ಟುಪಾಡುಗಳಿದ್ದವು. ಆಗ ಅವು ಪ್ರಯಾಣದ ದಿನಗಳ ಮೇಲಿದ್ದವು, ಈಗ ಪ್ರಯಾಣಿಕರ ಹೊರೆಯ ಮೇಲಿವೆ. ದಿನ ಬದಲಿಸಲಾಗದವರಿಗಿಂತ ಹೊರೆ ಇಳಿಸಲಾಗದವರು ಹೆಚ್ಚಾಗಿ ಬಡವರಾದ್ದರಿಂದ ಈ ಬದಲಾವಣೆ ಲೆಕ್ಕಪತ್ರದ ಸಂಗತಿಯಾಗಿ ಉಳಿಯದೆ ನ್ಯಾಯಾಲಯಗಳನ್ನೂ ಶಾಸನಸಭೆಗಳನ್ನೂ ತಲುಪಿದೆ.

ತೂಕದ ಕಾಲ

1920ರ ದಶಕದ ವಿಮಾನಗಳು ಎಷ್ಟು ಸಣ್ಣವೆಂದರೆ ಲಂಡನ್ ಬಳಿಯ ಕ್ರಾಯ್ಡನ್ ನಿಲ್ದಾಣದಲ್ಲಿ ಲಗೇಜಿನ ಜತೆಗೆ ಪ್ರಯಾಣಿಕರನ್ನೂ ತಕ್ಕಡಿಯ ಮೇಲೆ ನಿಲ್ಲಿಸಿ ತೂಗುತ್ತಿದ್ದರು. ಹೆಚ್ಚುವರಿ ತೂಕಕ್ಕೆ ಹಣ ಕೇಳುವ ವಾಡಿಕೆ ಅಂದಿನಿಂದಲೂ ಇದೆ. 1929ರ ವಾರ್ಸಾ ಒಪ್ಪಂದ ಲಗೇಜಿಗೆ ಚೀಟಿ ಕೊಡಬೇಕೆಂಬ ನಿಯಮವನ್ನೂ, ಕಳೆದುಹೋದರೆ ಕಿಲೋ ಲೆಕ್ಕದಲ್ಲಿ ಪರಿಹಾರವನ್ನೂ ಗೊತ್ತುಮಾಡಿತು. 1945ರಲ್ಲಿ ಹವಾನಾದಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ವಾಯು ಸಾರಿಗೆ ಸಂಘ, ಅಂದರೆ ಐಯಾಟಾ, ದರಗಳನ್ನು ಎಲ್ಲರೂ ಕೂಡಿ ನಿಗದಿಪಡಿಸುವ ವೇದಿಕೆಯಾಯಿತು. ಎಕಾನಮಿಗೆ 20 ಕೆ.ಜಿ., ಮೊದಲ ದರ್ಜೆಗೆ 30 ಕೆ.ಜಿ. ಪುಕ್ಕಟೆ, ಅದಕ್ಕೆ ಮೇಲ್ಪಟ್ಟ ಪ್ರತಿ ಕಿಲೋಗೆ ಮೊದಲ ದರ್ಜೆಯ ಟಿಕೆಟ್ ದರದ ಶೇ. 1ರಷ್ಟು ಶುಲ್ಕ. ಇದು ದಶಕಗಳ ಕಾಲ ನಡೆದ ಲೆಕ್ಕ. 1970ರ ದಶಕದಲ್ಲಿ ಅಮೆರಿಕದ ಮಾರ್ಗಗಳಲ್ಲಿ ತೂಕದ ಬದಲು ಬ್ಯಾಗುಗಳನ್ನು ಎಣಿಸುವ ಕ್ರಮ ಬಂತು. ತಲಾ ಎರಡು ಬ್ಯಾಗು ಒಯ್ಯಬಹುದಿತ್ತು. ಅಮೆರಿಕಕ್ಕೆ ಓದಲು ಹೊರಟ ಭಾರತೀಯ ವಿದ್ಯಾರ್ಥಿಗಳ ಎರಡು ದೊಡ್ಡ ಸೂಟ್‌ಕೇಸುಗಳ ಸಂಪ್ರದಾಯ ಬೆಳೆದದ್ದು ಈ ನಿಯಮದ ಆಸರೆಯಲ್ಲೇ.

ಆ ಕಾಲದಲ್ಲಿ ಲಗೇಜು ಟಿಕೆಟ್ಟಿನೊಳಗೇ ಸೇರಿತ್ತು ಎಂಬುದು ನಿಜ. ಆದರೆ ಟಿಕೆಟ್ಟೇ ಬಹುಜನರ ಕೈಗೆ ಎಟುಕುತ್ತಿರಲಿಲ್ಲ.

ದಿನಗಳ ಮೇಲಿನ ಕಟ್ಟು

1977 ತಿರುವಿನ ವರ್ಷ. ಅಮೆರಿಕನ್ ಏರ್‌ಲೈನ್ಸ್ ಆ ವರ್ಷ ಸೂಪರ್ ಸೇವರ್ ದರಗಳನ್ನು ತಂದಿತು. ತುಂಬ ಮುಂಚಿತವಾಗಿ ಕೊಳ್ಳಬೇಕು, ಹೋದಲ್ಲಿ ಇಂತಿಷ್ಟು ದಿನ ತಂಗಬೇಕು. ಹಾಗಿದ್ದರೆ ಮಾತ್ರ ರಿಯಾಯಿತಿ. ಶನಿವಾರದ ರಾತ್ರಿ ಅಲ್ಲೇ ಕಳೆಯಬೇಕೆಂಬ ಷರತ್ತು ಮುಂದೆ ಎಲ್ಲೆಡೆ ಬಳಕೆಗೆ ಬಂತು. ಇದರ ಹಿಂದಿನ ಲೆಕ್ಕ ಸರಳ. ಕಂಪನಿ ಕೆಲಸಕ್ಕೆ ಓಡಾಡುವವರು ವಾರಾಂತ್ಯಕ್ಕೆ ಮನೆಗೆ ಮರಳಲು ಬಯಸುತ್ತಾರೆ. ಅವರು ಈ ಟಿಕೆಟ್ ಕೊಳ್ಳಲಾರರು, ಪೂರ್ತಿ ದರ ಕೊಡುತ್ತಾರೆ. ನೆಂಟರ ಮನೆಗೆ ಹೋಗುವವರಿಗೆ ಶನಿವಾರ ತಂಗುವುದು ತೊಂದರೆಯಲ್ಲ. ಅವರಿಗೆ ಅಗ್ಗದ ಸೀಟು ಸಿಗುತ್ತದೆ, ಇಲ್ಲವಾದರೆ ಆ ಸೀಟು ಖಾಲಿ ಹೋಗುತ್ತಿತ್ತು. ಒಂದೇ ವಿಮಾನದಲ್ಲಿ ಅಕ್ಕಪಕ್ಕ ಕುಳಿತವರು ಬೇರೆಬೇರೆ ಹಣ ಕೊಡುವಂತೆ ಮಾಡುವ ಈ ವಿದ್ಯೆಯ ಮೇಲೇ ಇಂದಿನ ಲಗೇಜು ಶುಲ್ಕವೂ ನಿಂತಿದೆ.

ಅದೇ 1977ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ಫ್ರೆಡಿ ಲೇಕರ್ ಲಂಡನ್ನಿನಿಂದ ನ್ಯೂಯಾರ್ಕಿಗೆ ಸ್ಕೈಟ್ರೇನ್ ಹಾರಿಸಿದರು. ಮುಂಗಡ ಬುಕಿಂಗ್ ಇಲ್ಲ, ಊಟಕ್ಕೆ ಬೇರೆ ಹಣ, ಟಿಕೆಟ್ 59 ಪೌಂಡ್. 1978ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆ ಅಮೆರಿಕದ ದೇಶೀಯ ದರಗಳ ಮೇಲಿದ್ದ ಸರ್ಕಾರಿ ಹಿಡಿತವನ್ನು ಹಂತಹಂತವಾಗಿ ತೆಗೆದುಹಾಕಿತು. ಆ ಬಿಡುವಿನಲ್ಲಿ 1981ರಲ್ಲಿ ನೆವಾರ್ಕಿನಿಂದ ಆರಂಭವಾದ ಪೀಪಲ್ ಎಕ್ಸ್‌ಪ್ರೆಸ್, ಚೆಕ್-ಇನ್ ಮಾಡುವ ಪ್ರತಿ ಬ್ಯಾಗಿಗೆ 3 ಡಾಲರ್ ವಸೂಲಿ ಮಾಡಿತು. ಟಿಕೆಟ್ ಹಣವನ್ನು ವಿಮಾನದೊಳಗೇ ಪಡೆಯುತ್ತಿತ್ತು. ಲೇಕರ್ ಅವರ ಸಂಸ್ಥೆ 1982ರಲ್ಲಿ ಕುಸಿಯಿತು, ಪೀಪಲ್ ಎಕ್ಸ್‌ಪ್ರೆಸ್ 1987ರಲ್ಲಿ ಬೇರೊಂದು ಸಂಸ್ಥೆಯಲ್ಲಿ ಕರಗಿತು. ಅವರ ಯೋಚನೆ ಮಾತ್ರ ಉಳಿಯಿತು, ಇಪ್ಪತ್ತು ವರ್ಷಗಳ ನಂತರ ಮರುಜೀವ ಪಡೆಯಿತು.

ನಡುವೆ ಬಂದ ಒಂದು ಸಣ್ಣ ಉಪಕರಣವನ್ನು ಇಲ್ಲಿ ನೆನೆಯಬೇಕು. 1987ರಲ್ಲಿ ಪೈಲಟ್ ರಾಬರ್ಟ್ ಪ್ಲಾಥ್ ಎರಡು ಚಕ್ರ, ಉದ್ದ ಹಿಡಿಕೆಯ ನೆಟ್ಟಗಿನ ಟ್ರಾಲಿ ಬ್ಯಾಗನ್ನು ರೂಪಿಸಿದರು. ಕೈಯಲ್ಲಿ ಹೊರಲಾಗದಷ್ಟು ಸಾಮಾನನ್ನು ಗೇಟಿನವರೆಗೆ ಎಳೆದೊಯ್ಯುವುದು ಸುಲಭವಾಯಿತು. ಚೆಕ್-ಇನ್ ಬ್ಯಾಗಿಗೆ ಶುಲ್ಕ ಬಿದ್ದಾಗ ಜನ ಕ್ಯಾಬಿನ್ ಬ್ಯಾಗಿನ ಕಡೆ ಹೊರಳಲು ಈ ಚಕ್ರಗಳೇ ದಾರಿ ಮಾಡಿದವು.

2006ರಿಂದ 2010: ಬ್ಯಾಗಿಗೆ ಬೆಲೆ ಬಂದ ವರ್ಷಗಳು

ಐರೋಪ್ಯ ಒಕ್ಕೂಟದಲ್ಲಿ 1990ರ ದಶಕದ ಉದಾರೀಕರಣದಿಂದ ಯಾವ ಸದಸ್ಯ ದೇಶದ ಸಂಸ್ಥೆಯಾದರೂ ಒಕ್ಕೂಟದೊಳಗೆ ಎಲ್ಲಿ ಬೇಕಾದರೂ ಹಾರಬಹುದಾಯಿತು. ಐರ್ಲೆಂಡಿನ ರಯಾನ್‌ಏರ್ ಇದರ ಪೂರ್ಣ ಲಾಭ ಪಡೆಯಿತು. 2006ರಲ್ಲಿ ಬ್ರಿಟನ್ನಿನ ಫ್ಲೈಬಿ ಮತ್ತು ರಯಾನ್‌ಏರ್ ಚೆಕ್-ಇನ್ ಬ್ಯಾಗಿಗೆ ಶುಲ್ಕ ಹಾಕಿದವು. ಬ್ಯಾಗು ಕಡಿಮೆಯಾದಷ್ಟೂ ಹಮಾಲಿಯ ಖರ್ಚು ಇಳಿಯುತ್ತದೆ, ಕೌಂಟರುಗಳು ಕಡಿಮೆ ಸಾಕು, ಇಳಿದ ವಿಮಾನ ಬೇಗ ಮತ್ತೆ ಏರಬಹುದು. 2009ರಲ್ಲಿ ರಯಾನ್‌ಏರ್ ಎಲ್ಲರೂ ಆನ್‌ಲೈನ್‌ನಲ್ಲೇ ಚೆಕ್-ಇನ್ ಮಾಡಬೇಕೆಂದು ವಿಧಿಸಿದ್ದು ಇದೇ ದಾರಿಯ ಮುಂದಿನ ಹೆಜ್ಜೆ.

ಅಮೆರಿಕದಲ್ಲಿ ತಳ್ಳಿದ್ದು ಕಚ್ಚಾತೈಲ. 2008ರ ಜುಲೈಯಲ್ಲಿ ಪೀಪಾಯಿಯ ಬೆಲೆ 147 ಡಾಲರ್ ಮುಟ್ಟಿತು. ಅದಕ್ಕೆ ಮುಂಚೆ, ಮೇ ತಿಂಗಳಲ್ಲೇ, ಮೊದಲ ಬ್ಯಾಗಿಗೂ 15 ಡಾಲರ್ ಕೊಡಬೇಕೆಂದು ಅಮೆರಿಕನ್ ಏರ್‌ಲೈನ್ಸ್ ಘೋಷಿಸಿತು. ಉಳಿದ ದೊಡ್ಡ ಸಂಸ್ಥೆಗಳು ಹಿಂಬಾಲಿಸಿದವು. ತೈಲದ ಬೆಲೆ ಅದೇ ವರ್ಷದ ಕೊನೆಗೆ ಕುಸಿಯಿತು, ಶುಲ್ಕ ಇಳಿಯಲಿಲ್ಲ. ಸರ್ಕಾರಿ ಅಂಕಿಅಂಶಗಳ ಪ್ರಕಾರ ಅಮೆರಿಕದ ಸಂಸ್ಥೆಗಳು ಲಗೇಜಿನಿಂದ 2007ರಲ್ಲಿ ಸುಮಾರು 46 ಕೋಟಿ ಡಾಲರ್ ಗಳಿಸಿದ್ದವು. 2009ರಲ್ಲಿ ಅದು 270 ಕೋಟಿ ಮುಟ್ಟಿತು, 2023ರಲ್ಲಿ 700 ಕೋಟಿ ದಾಟಿತು. ಇಂಧನದ ನೆಪದಲ್ಲಿ ಬಂದದ್ದು ಆದಾಯದ ಕಾರಣಕ್ಕೆ ನೆಲೆನಿಂತಿತು ಎನ್ನಲು ಈ ಅಂಕಿಗಳೇ ಸಾಕು. ತೆರಿಗೆಯ ಅನುಕೂಲವೂ ಇದೆ. ದೇಶೀಯ ಟಿಕೆಟ್ ದರದ ಮೇಲೆ ಅಮೆರಿಕದಲ್ಲಿ ಶೇ. 7.5 ಫೆಡರಲ್ ತೆರಿಗೆಯಿದೆ. ಬ್ಯಾಗಿನ ಶುಲ್ಕಕ್ಕೆ ಅದು ತಗಲುವುದಿಲ್ಲ.

ಟಿಕೆಟ್ ಹುಡುಕುವ ವೆಬ್‌ಸೈಟುಗಳ ಪಾತ್ರವೂ ಸಣ್ಣದಲ್ಲ. ಅವು ದರಗಳನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ತೋರಿಸುತ್ತವೆ. ಲಗೇಜನ್ನು ದರದಿಂದ ಹೊರಗಿಟ್ಟ ಸಂಸ್ಥೆಯ ಹೆಸರು ಮೇಲೆ ಬರುತ್ತದೆ, ಒಳಗಿಟ್ಟುಕೊಂಡ ಸಂಸ್ಥೆಯದು ಕೆಳಗಿಳಿಯುತ್ತದೆ. ಪ್ರಾಮಾಣಿಕವಾಗಿ ಎಲ್ಲ ಸೇರಿಸಿ ಹೇಳಿದವರಿಗೇ ಇಲ್ಲಿ ನಷ್ಟ.

2010ರಲ್ಲಿ ಅಮೆರಿಕದ ಸ್ಪಿರಿಟ್ ಏರ್‌ಲೈನ್ಸ್ ಕ್ಯಾಬಿನ್ ಬ್ಯಾಗಿಗೂ ಶುಲ್ಕ ಹಾಕಿತು. ಗೇಟಿನಲ್ಲಿ ಕೊಡುವುದಾದರೆ 45 ಡಾಲರ್. ಸೆನೆಟರ್ ಚಾರ್ಲ್ಸ್ ಶುಮರ್ ಒತ್ತಡ ತಂದು, ತಾವು ಹಾಗೆ ಮಾಡುವುದಿಲ್ಲವೆಂದು ಐದು ದೊಡ್ಡ ಸಂಸ್ಥೆಗಳಿಂದ ಮಾತು ಪಡೆದರು. 2012ರ ಸುಮಾರಿಗೆ ಡೆಲ್ಟಾ ಬೇಸಿಕ್ ಎಕಾನಮಿ ಎಂಬ ದರ್ಜೆಯನ್ನು ಪ್ರಯೋಗಿಸಿತು. ಅದರಲ್ಲಿ ಸೀಟು ಆರಿಸುವಂತಿರಲಿಲ್ಲ, ಟಿಕೆಟ್ ಬದಲಿಸುವಂತಿರಲಿಲ್ಲ. 2017ರಲ್ಲಿ ಯುನೈಟೆಡ್ ಮತ್ತು ಅಮೆರಿಕನ್ ಇದೇ ಹೆಸರಿನಲ್ಲಿ ದೊಡ್ಡ ಕ್ಯಾಬಿನ್ ಬ್ಯಾಗನ್ನೂ ತಡೆದವು. ಅಮೆರಿಕನ್ ಮರುವರ್ಷವೇ ಆ ತಡೆಯನ್ನು ಕೈಬಿಟ್ಟಿತು. ಎರಡು ಬ್ಯಾಗು ಪುಕ್ಕಟೆ ಎಂಬುದನ್ನೇ ಜಾಹೀರಾತಾಗಿ ಮಾಡಿಕೊಂಡಿದ್ದ ಸೌತ್‌ವೆಸ್ಟ್ ಕೂಡ 2025ರ ಮೇ 28ರಿಂದ ಮೊದಲ ಬ್ಯಾಗಿಗೆ 35 ಡಾಲರ್ ಪಡೆಯತೊಡಗಿತು.

ಕೈಚೀಲದ ಹಕ್ಕು

ಯಾವ ಸಾಮಾನು ಪ್ರಯಾಣದ ಭಾಗ, ಯಾವುದು ಹೆಚ್ಚುವರಿ ಸೇವೆ ಎಂಬ ಪ್ರಶ್ನೆಗೆ ಐರೋಪ್ಯ ನ್ಯಾಯಾಲಯ 2014ರ ಸೆಪ್ಟೆಂಬರಿನಲ್ಲಿ ಉತ್ತರ ಹೇಳಿತು. ಸ್ಪೇನಿನ ವೂಯೆಲಿಂಗ್ ಸಂಸ್ಥೆಯ ಪ್ರಕರಣವದು. ಚೆಕ್-ಇನ್ ಬ್ಯಾಗಿಗೆ ಪ್ರತ್ಯೇಕ ಶುಲ್ಕ ಪಡೆಯಬಹುದು ಎಂದ ನ್ಯಾಯಾಲಯ, ಕೈಚೀಲ ಪ್ರಯಾಣಕ್ಕೆ ಅನಿವಾರ್ಯವಾದದ್ದು, ತೂಕ, ಗಾತ್ರ ಮತ್ತು ಭದ್ರತೆಯ ನಿಯಮಗಳಿಗೆ ಒಳಪಟ್ಟಿದ್ದರೆ ಅದಕ್ಕೆ ಹಣ ಕೇಳುವಂತಿಲ್ಲ ಎಂದಿತು. ಗಾತ್ರ ಎಷ್ಟಿರಬೇಕೆಂದು ಮಾತ್ರ ತೀರ್ಪು ಗೊತ್ತುಪಡಿಸಲಿಲ್ಲ. ಸಂಸ್ಥೆಗಳು ಆ ಸಂದಿಯಲ್ಲೇ ನುಸುಳಿದವು. 2018ರ ನವೆಂಬರಿನಿಂದ ರಯಾನ್‌ಏರ್‌ನ ಸಾಮಾನ್ಯ ಟಿಕೆಟ್ಟಿಗೆ ಸೀಟಿನ ಕೆಳಗಿನ ಸಣ್ಣ ಚೀಲವಷ್ಟೇ ಪುಕ್ಕಟೆಯಾಯಿತು. ಗೇಟಿನ ಬಳಿ ನಿಲ್ಲಿಸಿರುವ ಲೋಹದ ಚೌಕಟ್ಟಿನೊಳಗೆ ಚೀಲ ಇಳಿಯದಿದ್ದರೆ, ಮನೆಯಿಂದಲೇ ಆನ್‌ಲೈನ್‌ನಲ್ಲಿ ಕೊಟ್ಟಿದ್ದರೆ ಆಗುತ್ತಿದ್ದುದಕ್ಕಿಂತ ಎಷ್ಟೋ ಹೆಚ್ಚು ಹಣ ತೆರಬೇಕು. ಸಾಲಿನ ಹಿಂದೆ ಜನ ಕಾಯುತ್ತಿರುವಾಗ, ವಿಮಾನ ಹೊರಡುವ ಹೊತ್ತಿನಲ್ಲಿ, ಯಾರೂ ಚೌಕಾಸಿ ಮಾಡಲಾರರು.

2024ರ ನವೆಂಬರಿನಲ್ಲಿ ಸ್ಪೇನಿನ ಗ್ರಾಹಕ ಸಚಿವಾಲಯ ಕ್ಯಾಬಿನ್ ಬ್ಯಾಗಿನ ಶುಲ್ಕವೂ ಸೇರಿ ಹಲವು ಕ್ರಮಗಳಿಗಾಗಿ ಐದು ಸಂಸ್ಥೆಗಳಿಗೆ ಒಟ್ಟು 17.9 ಕೋಟಿ ಯೂರೋ ದಂಡ ಹಾಕಿತು. ರಯಾನ್‌ಏರ್ ಒಂದರ ಪಾಲೇ 10 ಕೋಟಿಗೂ ಹೆಚ್ಚು. ಸಂಸ್ಥೆಗಳು ಈ ದಂಡವನ್ನು ಒಪ್ಪದೆ ಹೋರಾಟಕ್ಕಿಳಿದವು. ಅಮೆರಿಕದಲ್ಲೂ ಅದೇ ವರ್ಷ, ಬ್ಯಾಗಿನ ಶುಲ್ಕವನ್ನು ದರದ ಜತೆಗೇ ಮೊದಲು ತೋರಿಸಬೇಕೆಂದು ಸಾರಿಗೆ ಇಲಾಖೆ ತಂದ ನಿಯಮಕ್ಕೆ ಮೇಲ್ಮನವಿ ನ್ಯಾಯಾಲಯ ತಡೆ ಕೊಟ್ಟಿತು.

ಭಾರತದಲ್ಲಿ

ಭಾರತದ ಕಡಿಮೆ ದರದ ವಿಮಾನಯಾನ ಶುರುವಾದದ್ದು ಕರ್ನಾಟಕದಿಂದ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಕಟ್ಟಿದ ಏರ್ ಡೆಕ್ಕನ್ 2003ರ ಆಗಸ್ಟ್‌ನಲ್ಲಿ ಬೆಂಗಳೂರನ್ನು ನೆಲೆಯಾಗಿಟ್ಟುಕೊಂಡು ಸಣ್ಣ ಎಟಿಆರ್ ವಿಮಾನಗಳನ್ನು ಹಾರಿಸಿತು. ಹುಬ್ಬಳ್ಳಿ, ಮಂಗಳೂರಿನಂಥ ಊರುಗಳು ಅದರ ನಕ್ಷೆಯಲ್ಲಿದ್ದವು. ತಿಂಡಿ ಕೊಂಡು ತಿನ್ನಬೇಕು, ಬೇಗ ಬುಕ್ ಮಾಡಿದ ಕೆಲವರಿಗೆ 1 ರೂಪಾಯಿಗೂ ಟಿಕೆಟ್. ಬಸ್ಸು, ರೈಲಿನಲ್ಲೇ ಓಡಾಡುತ್ತಿದ್ದವರು ಮೊದಲ ಬಾರಿ ವಿಮಾನ ಹತ್ತಿದರು. ಅವರ ಜತೆಗೆ ರೈಲಿನ ಅಭ್ಯಾಸದ ಲಗೇಜೂ ಬಂತು.

ಆಗ ದೇಶದೊಳಗಿನ ಹಾರಾಟಕ್ಕೆ 20 ಕೆ.ಜಿ. ಪುಕ್ಕಟೆ ಇತ್ತು. ಮುಂದೆ ಖಾಸಗಿ ಸಂಸ್ಥೆಗಳು ಅದನ್ನು 15 ಕೆ.ಜಿ.ಗೆ ಇಳಿಸಿದವು. 2013ರಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ಇಷ್ಟದ ಸೀಟು, ಊಟ, ಲಗೇಜು ಮೊದಲಾದವಕ್ಕೆ ಪ್ರತ್ಯೇಕ ಶುಲ್ಕ ಪಡೆಯಲು ಅನುಮತಿ ಕೊಟ್ಟಿತು. ಹೆಚ್ಚುವರಿ ಕಿಲೋಗೆ ₹250–350 ತೆರಬೇಕಾಗಿ ದೂರುಗಳು ಹೆಚ್ಚಿದಾಗ, 2016ರಲ್ಲಿ 15ರಿಂದ 20 ಕೆ.ಜಿ.ವರೆಗೆ ಕಿಲೋಗೆ ₹100ಕ್ಕಿಂತ ಹೆಚ್ಚು ಪಡೆಯಬಾರದೆಂದು ಅದೇ ಡಿಜಿಸಿಎ ಆದೇಶಿಸಿತು. ಸಂಸ್ಥೆಗಳು ದೆಹಲಿ ಹೈಕೋರ್ಟಿಗೆ ಹೋದವು, 2017ರಲ್ಲಿ ಆದೇಶ ರದ್ದಾಯಿತು, ಶುಲ್ಕ ಮತ್ತೆ ಏರಿತು. ಪ್ರಯಾಣಿಕರ ಪರವಾಗಿ ಬಂದ ಅತ್ಯಂತ ನೇರವಾದ ಕ್ರಮ ಒಂದೇ ವರ್ಷ ಬಾಳಿದ್ದು ವಿಷಾದದ ಸಂಗತಿ. 2021ರ ಫೆಬ್ರವರಿಯಲ್ಲಿ ಚೆಕ್-ಇನ್ ಲಗೇಜೇ ಇಲ್ಲದ ಟಿಕೆಟ್ ಮಾರಲೂ ಒಪ್ಪಿಗೆ ಸಿಕ್ಕಿತು. ಇಂಥ ಪ್ರಯಾಣಿಕರು 7 ಕೆ.ಜಿ. ಕ್ಯಾಬಿನ್ ಬ್ಯಾಗಿನಲ್ಲೇ ಎಲ್ಲ ಹೊಂದಿಸಿಕೊಳ್ಳಬೇಕು. 2024ರಲ್ಲಿ ಏರ್ ಇಂಡಿಯಾ ಕೂಡ ತನ್ನ ಕನಿಷ್ಠ ದರದ ದೇಶೀಯ ಟಿಕೆಟ್ಟಿನ ಮಿತಿಯನ್ನು 20ರಿಂದ 15 ಕೆ.ಜಿ.ಗೆ ತಂದಿತು.

ಈ ಅಂಕಿಗಳ ಅರ್ಥ ತಿಳಿಯುವುದು ಚೆಕ್-ಇನ್ ಕೌಂಟರಿನಲ್ಲಿ. ತಕ್ಕಡಿಯ ಕೆಂಪು ಅಂಕಿ 17.4 ತೋರಿಸುತ್ತದೆ. ಸಿಬ್ಬಂದಿ ಮೆಲ್ಲನೆ ದರ ಹೇಳುತ್ತಾರೆ. ಸಾಲಿನಿಂದ ಪಕ್ಕಕ್ಕೆ ಸರಿದ ಹೆಂಗಸು ನೆಲದ ಮೇಲೆ ಕುಕ್ಕುರುಗಾಲಲ್ಲಿ ಕುಳಿತು ಜಿಪ್ ಎಳೆಯುತ್ತಾರೆ. ಮಗಳ ಮನೆಗೆಂದು ತುಂಬಿಸಿದ ಉಪ್ಪಿನಕಾಯಿ, ತುಪ್ಪದ ಡಬ್ಬಿ ಭದ್ರತಾ ನಿಯಮದಿಂದಾಗಿ ಕೈಚೀಲಕ್ಕೆ ಹೋಗುವಂತಿಲ್ಲ. ಹಾಗಾಗಿ ಸೀರೆ, ಚಪ್ಪಲಿ, ಹಪ್ಪಳದ ಕಟ್ಟು ಕೈಚೀಲಕ್ಕೆ ದಾಟುತ್ತವೆ. ವಿಮಾನದ ಒಟ್ಟು ತೂಕ ಇದರಿಂದ ಒಂದು ಗ್ರಾಮೂ ಇಳಿಯುವುದಿಲ್ಲ. ಹಣ ನಿಂತಿರುವುದು ಸಾಮಾನು ಯಾವ ಚೀಲದಲ್ಲಿದೆ ಎಂಬುದರ ಮೇಲೆ.

ಕೊಲ್ಲಿ ದೇಶಗಳಿಗೆ ದುಡಿಯಲು ಹೋಗುವ ಕರಾವಳಿಯ ಜನರಿಗೆ ಲಗೇಜಿನ ಮಿತಿಯೆಂದರೆ ಮನೆಗೆ ಒಯ್ಯುವ ಸಾಮಾನಿನ ಮಿತಿ. ಎಷ್ಟೋ ತಿಂಗಳಿಗೊಮ್ಮೆ ಊರಿಗೆ ಮರಳುವವರು ಮಕ್ಕಳ ಬಟ್ಟೆ, ಖರ್ಜೂರ, ಹಾಲಿನ ಪುಡಿ, ಕಂಬಳಿಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಿ, ಹಗ್ಗ ಬಿಗಿದು, ಮೇಲೆ ಹೆಸರೂ ಊರೂ ಬರೆದು ತರುತ್ತಾರೆ. ಇವರಲ್ಲಿ ಅನೇಕರು ಆತುಕೊಂಡಿರುವ ಏರ್ ಇಂಡಿಯಾ ಎಕ್ಸ್‌ಪ್ರೆಸ್ 2005ರಲ್ಲಿ ಹುಟ್ಟಿದ್ದೇ ಕೊಲ್ಲಿಯ ಮಾರ್ಗಗಳಿಗಾಗಿ. 2024ರ ಆಗಸ್ಟ್‌ನಲ್ಲಿ ಅದು ಯುಎಇಯಿಂದ ಭಾರತಕ್ಕೆ ಬರುವವರ ಪುಕ್ಕಟೆ ಮಿತಿಯನ್ನು 30ರಿಂದ 20 ಕೆ.ಜಿ.ಗೆ ಇಳಿಸಿದಾಗ ಅನಿವಾಸಿ ಕಾರ್ಮಿಕರಲ್ಲಿ ತೀವ್ರ ಅಸಮಾಧಾನ ಎದ್ದಿತು. 2025ರ ಆರಂಭದಲ್ಲಿ ಸಂಸ್ಥೆ ಭಾರತ ಮತ್ತು ಕೊಲ್ಲಿಯ ನಡುವೆ 30 ಕೆ.ಜಿ.ಯನ್ನು ಮತ್ತೆ ಘೋಷಿಸಿತು. ದೇಶದೊಳಗೆ ಅದೇ ಸಂಸ್ಥೆ 2024ರ ಫೆಬ್ರವರಿಯಿಂದ ಮಾರುತ್ತಿರುವ ಎಕ್ಸ್‌ಪ್ರೆಸ್ ಲೈಟ್ ಟಿಕೆಟ್ಟಿನಲ್ಲಿ ಚೆಕ್-ಇನ್ ಲಗೇಜು ಸೇರಿಲ್ಲ.